ಒಂಬೈನೂರ ತೊಂಬತ್ತೇಳು

ಸಾವಿರ ಬೀಡಿ ಎಣಿಸಿಯೇ ಹೋದದ್ದು.
ಪೈವಳಿಕೆಯ ಬ್ರಾಂಚಿನಲ್ಲಿ ಚೆಕ್ಕರ್ ಅಂದುಞ್ಞಿ
ಕಟ್ಟು ಬಿಚ್ಚಿ, ಕಣ್ಣಿನ ಹತ್ತಿರ ಹಿಡಿದು,
ಮೂರನ್ನು ಹೆಕ್ಕಿ ಬಕೆಟಿಗೆ ಎಸೆದರು.
ಒಂದರ ನೂಲು ಸಡಿಲ, ಎರಡರ ಹೊಟ್ಟೆ ಸಪೂರ.

ಮೂವತ್ತೊಂಬತ್ತು ಕಟ್ಟು ಎಂದು ಪಾಸ್‌ಬುಕ್ಕಿನಲ್ಲಿ ಬರೆದು
ಮಿಕ್ಕದ್ದನ್ನು ವಾಪಸು ತಳ್ಳಿದರು.
ಅವರು ಎಣಿಸಿದ್ದು ಮಲಯಾಳದಲ್ಲಿ, ಅಮ್ಮ ತುಳುವಿನಲ್ಲಿ,
ನಾನು ಕನ್ನಡದಲ್ಲಿ. ಮೂರರಲ್ಲೂ
ಉಳಿದದ್ದು ಇಪ್ಪತ್ತೆರಡೇ.
ಅಮ್ಮ ಸೆರಗಿನ ತುದಿಗೆ ಗಂಟು ಹಾಕಿದಳು, ಏನೂ ಹೇಳಲಿಲ್ಲ.

ನಾನಾಗ ಆರನೇ ಕ್ಲಾಸು, ಕನ್ನಡ ಡಿವಿಷನ್.
ಆ ವಾರವೇ ವಾರಿಜಾ ಟೀಚರ್ ಬೋರ್ಡಿನಲ್ಲಿ ಬರೆದಿದ್ದರು:
ಅಪವರ್ತನ. ಅಪವರ್ತ್ಯ.
ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡು ಹೇಳಿದಂಥ ಎರಡು ಶಬ್ದ.
ಯಾವುದು ಯಾವುದೆಂದು ತಿಳಿದದ್ದು
ಅಮ್ಮನ ಮಡಿಲಿನ ಮರದಿಂದ:
ಇಪ್ಪತ್ತೈದರ ಕಟ್ಟಿನ ಒಳಗೆ ಐದು ಅಡಗಿ ಕೂತರೆ ಅಪವರ್ತನ.
ಕಟ್ಟಿನ ಮೇಲೆ ಕಟ್ಟು, ಐವತ್ತು, ಎಪ್ಪತ್ತೈದು, ನೂರು,
ಬ್ರಾಂಚಿನ ಕಡೆ ಹೊರಟರೆ ಅಪವರ್ತ್ಯ.
ಒಂದು ಒಳಗೇ ಮುಗಿಯುತ್ತದೆ.
ಇನ್ನೊಂದು ನಾವು ಮುದುಕಿಯರಾದರೂ ಮುಗಿಯುವುದಿಲ್ಲ.

ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.
ಬರುವುದು ಒಂದೇ ಮಗ್ಗಿ.
ಒಂಜಿ, ರಡ್ಡ್, ಮೂಜಿ, ನಾಲ್, ಐನ್,
ಐದು ಬೆರಳು, ಐದು ಸಲ, ಮೇಲೊಂದು ಕೆಂಪು ನೂಲು.

ರಾತ್ರಿ ಬಲ್ಬಿನ ಕೆಳಗೆ ನಾನು
ಒಂಬೈನೂರ ತೊಂಬತ್ತೇಳನ್ನು ಒಡೆಯಲು ಕೂತೆ.
ಎರಡು? ಕೊನೆಯಲ್ಲಿ ಏಳು ಉಂಟಲ್ಲ, ಆಗದು.
ಮೂರು? ಒಂಬತ್ತು, ಒಂಬತ್ತು, ಏಳು, ಕೂಡಿದರೆ ಇಪ್ಪತ್ತೈದು.
“ಇಲ್ಲಿಯೂ ಇಪ್ಪತ್ತೈದೇ!” ಅಮ್ಮ ನಕ್ಕಳು.
ಅದನ್ನು ಮೂವರಿಗೆ ಹಂಚಿದರೆ ಒಂದು ಉಳಿಯುತ್ತದೆ.
ಐದನ್ನು ಕೇಳುವುದೇ ಬೇಡ, ಅಮ್ಮನ ಬೆರಳಿಗೇ ಗೊತ್ತು.
ಏಳರಲ್ಲಿ ಮೂರು ಉಳಿಯಿತು. ಹನ್ನೊಂದರಲ್ಲಿ ಏಳು.
ಹದಿಮೂರನ್ನು ಎರಡು ಸಲ ಮಾಡಿದೆ,
ಮೊದಲ ಸಲ ತಪ್ಪಿ ಸೊನ್ನೆ ಬಂದು ಎದೆ ಹಾರಿತ್ತು.
ಹದಿನೇಳು, ಹತ್ತೊಂಬತ್ತು, ಇಪ್ಪತ್ತಮೂರು,
ಪ್ರತಿ ಸಲವೂ ಏನಾದರೂ ಉಳಿಯುತ್ತದೆ,
ಗಂಜಿಯ ಪಾತ್ರೆಯ ತಳದಲ್ಲಿ ಅಗುಳಿನ ಹಾಗೆ.

“ಎಲ್ಲಿಯವರೆಗೆ ಉಂಟು ಇದು?”
ಎಲೆ ಕತ್ತರಿಸುತ್ತಲೇ ಅಮ್ಮ ಕೇಳಿದಳು.
ಮೂವತ್ತೊಂದರವರೆಗೆ.
“ಮತ್ತೆ?”
ಮತ್ತೆ ಬೇಡ. ಮೂವತ್ತೆರಡು ಮೂವತ್ತೆರಡ್ಲಿ ಸಾವಿರ ದಾಟುತ್ತದೆ.
ಆಚೆ ಒಂದು ದೊಡ್ಡದು ಸಿಕ್ಕಬೇಕಾದರೆ
ಅದರ ಜೋಡಿ ಸಣ್ಣದು ಈಚೆಯೇ ಸಿಕ್ಕಿರಬೇಕು.
ಕತ್ತರಿ ನಿಂತಿತು. ಸ್ವಲ್ಪ ಹೊತ್ತು.
“ಎದುರು ಬಾಗಿಲಲ್ಲಿ ಚಪ್ಪಲಿ ಇಲ್ಲದಿದ್ದರೆ
ಹಿತ್ತಿಲ ಬಾಗಿಲು ಬಡಿಯುವುದು ಎಂತಕ್ಕೆ?”
ಮತ್ತೆ ಕತ್ತರಿ ಶುರುವಾಯಿತು.

ಇಪ್ಪತ್ತೊಂಬತ್ತರಲ್ಲಿ ಹನ್ನೊಂದು ಉಳಿಯಿತು.
ಮೂವತ್ತೊಂದರಲ್ಲಿ ಐದು.
ಅಷ್ಟೇ. ಅವಿಭಾಜ್ಯ.
ಯಾವ ಸಮ ಕಟ್ಟಿಗೂ ಸಿಗುವುದಿಲ್ಲ,
ಒಂದೊಂದೇ ಬಿಡಿಯಾಗಿ ಇಡಬೇಕು
ಇಲ್ಲವೇ ಇಡೀ ರಾಶಿಗೆ ಒಂದೇ ನೂಲು ಬಿಗಿಯಬೇಕು.
ಬೀಡಿ ಕಂಪನಿಯ ರಿಜಿಸ್ಟರಿನಲ್ಲಿ ಇದಕ್ಕೆ ಕಾಲಂ ಇರಲಾರದು.

“ಯಾರಿಗೂ ಪಾಲು ಕೊಡದ ಹೆಂಗಸು,” ಎಂದಳು ಅಮ್ಮ,
“ನಮ್ಮ ಕಮಲಾಕ್ಷಿ ಚಿಕ್ಕಮ್ಮನ ಹಾಗೆ.”
ಆಮೇಲೆ ಚಿಕ್ಕಮ್ಮನ ಮಾತೇ ಹತ್ತು ಗಂಟೆಯವರೆಗೆ ನಡೆಯಿತು.

ಮಲಗುವ ಮೊದಲು ಅಮ್ಮ ಸೆರಗಿನ ಗಂಟು ಬಿಚ್ಚಿದಳು,
ಒದ್ದೆ ಬಟ್ಟೆಯೊಳಗಿಂದ ಮೂರು ಎಲೆ ತೆಗೆದಳು.
ಹೊಟ್ಟೆ ತುಂಬಿದ, ನೂಲು ಬಿಗಿದ ಮೂರು ಬೀಡಿ
ಇಪ್ಪತ್ತೆರಡರ ಜೊತೆ ಸೇರಿ ಕಟ್ಟಾಯಿತು.
ಈಗ ಸಾವಿರ. ಎರಡಕ್ಕೆ ಬಾಗುತ್ತದೆ, ನಾಲ್ಕಕ್ಕೆ, ಐದಕ್ಕೆ,
ಎಂಟಕ್ಕೆ, ಹತ್ತಕ್ಕೆ, ಅಂದುಞ್ಞಿಯ ಪೆನ್ನಿಗೆ.

ನಾನು ಬಲ್ಬು ಆರಿಸಲಿಲ್ಲ.
ನೋಟು ಪುಸ್ತಕದ ಕೊನೆಯ ಪುಟ ತೆರೆದು
ಸಾವಿರವಾಗುವ ಮೊದಲು ಇದ್ದದ್ದನ್ನು ಬರೆದೆ,
ಸುತ್ತ ಒಂದು ಗೆರೆ ಎಳೆದೆ.